ಕತ್ತಿನ ಗಂಟು, ಕೈಯಲ್ಲಿನ ರಿಪೋರ್ಟು

ಅಕ್ಕನ ಮಗಳು ಹಾಸನದಲ್ಲಿ ಬಿ.ಎಡ್. ಓದುತ್ತಿದ್ದಾಗಿನ ಮಾತು. ಒಂದು ಬೆಳಿಗ್ಗೆ ಜಡೆ ಹಾಕಿಕೊಳ್ಳುವಾಗ ಬಲಗಿವಿಯ ಕೆಳಗೆ, ಕತ್ತಿನ ಮಗ್ಗುಲಲ್ಲಿ ಗೋಲಿಯಂಥ ಗಂಟೊಂದು ಬೆರಳಿಗೆ ಸಿಕ್ಕಿತು. ಒತ್ತಿದರೆ ನೋವಿಲ್ಲ, ಚರ್ಮ ಕೆಂಪಾಗಿಲ್ಲ. ಮನೆಯಲ್ಲಿ ಅಜ್ಜಿ ಅರಿಶಿನಕ್ಕೆ ಸುಣ್ಣ ಕಲಸಿ ಹಚ್ಚಿದರು. ವಾರ ಕಳೆದರೂ ಇಳಿಯಲಿಲ್ಲ. ಮೂರನೇ ವಾರ ಅದರ ಕೆಳಗೇ ಇನ್ನೊಂದು ಗಂಟು ಕಾಣಿಸಿಕೊಂಡಿತು. ಆಮೇಲೆ ಶುರುವಾಯಿತು ವೈದ್ಯರು, ರಕ್ತ ಪರೀಕ್ಷೆ, ಸ್ಕ್ಯಾನಿಂಗು, ಸೂಜಿ ಪರೀಕ್ಷೆ. ಒಂದು ರಾತ್ರಿ ಹತ್ತರ ಹೊತ್ತಿಗೆ ಅಕ್ಕ ನನ್ನ ಫೋನಿಗೆ ಐದು ರಿಪೋರ್ಟುಗಳ ಫೋಟೊ ಕಳಿಸಿ, ನಾನು ತೆರೆದು ನೋಡುವ ಮೊದಲೇ ಕರೆ ಮಾಡಿದಳು. "ನೆಕ್ರೋಟಿಕ್ ಅಂತ ಬರೆದಿದ್ದಾರೆ ಕಣೋ. ಹಾಗಂದರೆ ಒಳಗೆ ಕೊಳೆತಿದೆ ಅಂತಲಂತೆ. ಏನಾಗಿದೆ ನನ್ನ ಮಗೂಗೆ?"

ನಾನು ವೈದ್ಯನಲ್ಲ, ಆರೋಗ್ಯದ ವಿಷಯ ಬರೆಯುತ್ತ ಬಂದವನು. ಕತ್ತಿನಲ್ಲಿ ಗಂಟು ಎದ್ದ ಮನೆಗಳಿಂದ ನನಗೆ ಇಂಥ ಫೋಟೊಗಳು ಆಗಾಗ ಬರುತ್ತವೆ. ಎಲ್ಲರೂ ಮಾಡುವುದು ಒಂದೇ. ಹಾಳೆಯಲ್ಲಿ ಹೆದರಿಸುವ ಪದ ಎಲ್ಲಿದೆ ಎಂದು ಹುಡುಕುತ್ತಾರೆ, ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಗಳಿಗೆ ಬೆಚ್ಚುತ್ತಾರೆ. ಆದರೆ ಪ್ರತಿ ಪರೀಕ್ಷೆಗೂ ಉತ್ತರಿಸಲು ಬರುವ ಪ್ರಶ್ನೆ ಒಂದೋ ಎರಡೋ ಮಾತ್ರ. ಯಾವ ಪ್ರಶ್ನೆಗೆ ಈ ಉತ್ತರ ಎಂದು ತಿಳಿಯದೆ ಓದಿದರೆ, ಸುಮ್ಮನಿರಬಹುದಾದ ಕಡೆ ಹೆದರುತ್ತೇವೆ, ಓಡಬೇಕಾದ ಕಡೆ ಸುಮ್ಮನಿರುತ್ತೇವೆ. ಎರಡನೆಯದು ಜೀವಕ್ಕೆ ಕುತ್ತು. ಅಕ್ಕನಿಗೆ ಅಂದು ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ಈ ಗಂಟುಗಳು ಎಲ್ಲಿಂದಲೋ ಬಂದು ಕೂತವಲ್ಲ. ಹುಟ್ಟಿದಾಗಿನಿಂದ ಅಲ್ಲೇ ಇರುವ ದುಗ್ಧಗ್ರಂಥಿಗಳು, ವೈದ್ಯರ ಬಾಯಲ್ಲಿ ಲಿಂಫ್ ನೋಡ್. ಇಡೀ ಮೈಯಲ್ಲಿ 600ರಿಂದ 800 ಇದ್ದರೆ, ಅವುಗಳಲ್ಲಿ 300ರಷ್ಟು ಕತ್ತೊಂದರಲ್ಲೇ ಇವೆ. ಬಾಯಿ, ಮೂಗು, ಗಂಟಲಿನ ಮೂಲಕವೇ ರೋಗಾಣುಗಳು ಹೆಚ್ಚಾಗಿ ಒಳನುಗ್ಗುವುದರಿಂದ ಅಲ್ಲಿ ಕಾವಲೂ ದಟ್ಟ. ಹಲ್ಲಿನ ಹುಳುಕು, ಟಾನ್ಸಿಲ್, ಹೇನು ಕಡಿದು ಕೆರೆದ ತಲೆಯ ಗಾಯ, ಕಿವಿಯ ಸೋರಿಕೆ ಇವೆಲ್ಲದರ ಸುದ್ದಿ ಮೊದಲು ಮುಟ್ಟುವುದು ಈ ಗ್ರಂಥಿಗಳಿಗೆ. ಸುದ್ದಿ ಮುಟ್ಟಿದೊಡನೆ ಒಳಗಿನ ಬಿಳಿ ರಕ್ತಕಣಗಳು ಹೆಚ್ಚುತ್ತವೆ, ಗ್ರಂಥಿ ಊದುತ್ತದೆ. ಚಿಕ್ಕ ಮಕ್ಕಳ ಕತ್ತು ಸವರಿದರೆ ಅವರೆಕಾಳಿನಷ್ಟು, ಕಡಲೆಕಾಳಿನಷ್ಟು ಗಂಟುಗಳು ಸಿಗುವುದು ತೀರ ಸಾಮಾನ್ಯ. ಶೀತ ನೆಗಡಿ ಬಿಟ್ಟ ಮೇಲೂ ವಾರಗಟ್ಟಲೆ ಅವು ಹಾಗೇ ಉಳಿಯಬಹುದು. ಆಡಿಕೊಂಡು, ಉಂಡುಕೊಂಡು, ತೂಕ ಏರುತ್ತಿರುವ ಮಗುವಿನ ಕತ್ತಿನಲ್ಲಿ ಜಾರಾಡುವ ಸಣ್ಣ ಗಂಟಿಗೆ ಪರೀಕ್ಷೆಗಳ ಸರಣಿಯೇ ಬೇಡ.

ಹಾಗಾದರೆ ಯಾವಾಗ ಬೇಕು? ಇದನ್ನು ಮೊದಲು ಹೇಳುವುದು ಯಂತ್ರವಲ್ಲ, ವೈದ್ಯರ ಬೆರಳು. ಗಂಟು ಎಲ್ಲಿದೆ, ಎಷ್ಟು ದಿನದಿಂದ ಇದೆ, ಎಷ್ಟು ದೊಡ್ಡದು, ಕಲ್ಲಿನಂತಿದೆಯೋ ರಬ್ಬರಿನಂತಿದೆಯೋ, ಅಲುಗುತ್ತದೆಯೋ ಅಂಟಿಕೊಂಡಿದೆಯೋ, ಒಂಟಿಯೋ ಗೊಂಚಲೋ ಎಂದು ಅವರು ತಡವಿ ನೋಡುತ್ತಾರೆ. ಬಾಯಿ ತೆರೆಸಿ ಟಾರ್ಚು ಬಿಟ್ಟು ನೋಡುತ್ತಾರೆ, ಕಂಕುಳು, ತೊಡೆಸಂದು, ಹೊಟ್ಟೆ ಮುಟ್ಟುತ್ತಾರೆ. ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತೇ, ಸಂಜೆ ಜ್ವರ ಬರುತ್ತದೆಯೇ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರುತ್ತದೆಯೇ, ತೂಕ ಇಳಿದಿದೆಯೇ, ಫಿಟ್ಸ್ ಮಾತ್ರೆ ನುಂಗುತ್ತೀರಾ ಎಂದು ಕೇಳುತ್ತಾರೆ. ಕೊನೆಯದು ಅನೇಕರಿಗೆ ಆಶ್ಚರ್ಯ ತರುತ್ತದೆ. ಆದರೆ ಫೆನಿಟಾಯಿನ್ ಎಂಬ ಫಿಟ್ಸ್ ಔಷಧಿಯಿಂದಲೂ ಗ್ರಂಥಿಗಳು ಊದುವುದುಂಟು.

ಈ ಹತ್ತು ನಿಮಿಷದ ತಪಾಸಣೆ ನಡೆಯದೆ ನೇರ ಲ್ಯಾಬಿಗೆ ಹೋಗಿ "ಫುಲ್ ಬಾಡಿ" ಪ್ಯಾಕೇಜು ಮಾಡಿಸಿಕೊಳ್ಳುವವರು ಹೆಚ್ಚುತ್ತಿದ್ದಾರೆ. ಹಾಗೆ ಬಂದ ಹತ್ತು ಪುಟದ ರಿಪೋರ್ಟಿನಲ್ಲಿ ಎರಡು ಮೂರು ಅಂಕಿಗಳಾದರೂ ಮಿತಿ ಮೀರಿಯೇ ಇರುತ್ತವೆ. ಅವುಗಳಿಗೂ ಕತ್ತಿನ ಗಂಟಿಗೂ ಸಂಬಂಧವಿದೆಯೋ ಇಲ್ಲವೋ ಎಂದು ಹಾಳೆ ಹೇಳುವುದಿಲ್ಲ.

ನೋವಿದ್ದರೆ ಕೆಟ್ಟದ್ದು, ನೋವಿಲ್ಲದಿದ್ದರೆ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಗ್ರಂಥಿಗಳ ಮಟ್ಟಿಗೆ ಅದು ಬಹುಪಾಲು ತಿರುವುಮುರುವು. ಗಂಟಲು ನೋವಿನ ಜೊತೆ ಎದ್ದ, ಮುಟ್ಟಿದರೆ ನೋಯುವ ಗಂಟು ಸಾಮಾನ್ಯವಾಗಿ ಮಾಮೂಲಿ ಸೋಂಕಿನದು, ಕೆಲವು ದಿನಗಳಲ್ಲಿ ಇಳಿಯುತ್ತದೆ. ನೋವಿಲ್ಲದೆ ಮೆಲ್ಲನೆ ಬೆಳೆಯುವ ಗಂಟೇ ಟಿಬಿಯದಿರಬಹುದು, ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರಿನದೂ ಇರಬಹುದು. ನೋವಿಲ್ಲವೆಂದು ಆರು ತಿಂಗಳು ಸುಮ್ಮನಿದ್ದು ಬಂದವರನ್ನು ನಾನು ನೋಡಿದ್ದೇನೆ. ನಾಲ್ಕು ವಾರ ಕಳೆದರೂ ಇಳಿಯದ ಗಂಟನ್ನು, ಅದು ನೋಯಲಿ ಬಿಡಲಿ, ವೈದ್ಯರಿಗೆ ತೋರಿಸಲೇಬೇಕು. ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಎದ್ದ ಗಂಟಾದರೆ ನಾಲ್ಕು ವಾರವೂ ಕಾಯಬಾರದು. ಆ ಜಾಗದ ಗ್ರಂಥಿಗಳಿಗೆ ಎದೆ, ಹೊಟ್ಟೆಯ ಕಡೆಯಿಂದ ದ್ರವ ಬಂದು ಸೇರುತ್ತದೆ. ಎಡಗಡೆಯ ಆ ಗುಳಿಯ ಗಂಟು ಜಠರದ ಕ್ಯಾನ್ಸರಿನ ಮೊದಲ ಸುಳಿವಾಗಿರಬಹುದು ಎಂದು ಜರ್ಮನಿಯ ರುಡಾಲ್ಫ್ ವಿರ್ಕೊ 19ನೇ ಶತಮಾನದಲ್ಲೇ ಗುರುತಿಸಿದ್ದರು. ಇಂದಿಗೂ ವೈದ್ಯರು ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ.

ಇನ್ನು ರಕ್ತ ಪರೀಕ್ಷೆಗಳು. ಅಕ್ಕನ ಮಗಳ ಮೊದಲ ಹಾಳೆಯಲ್ಲಿ ಇಎಸ್‌ಆರ್ 48 ಎಂದಿತ್ತು, ಪಕ್ಕದಲ್ಲಿ ಮೇಲ್ಮುಖದ ಬಾಣ. ಭಾವ ಅದನ್ನೇ ದೊಡ್ಡದು ಮಾಡಿ ಕೂತಿದ್ದರು. ಇಎಸ್‌ಆರ್ ಎಂದರೆ ನಿಲ್ಲಿಸಿದ ಗಾಜಿನ ನಳಿಕೆಯಲ್ಲಿ ಕೆಂಪು ರಕ್ತಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂಬ ಅಳತೆ, ಅಷ್ಟೇ. ಮೈಯಲ್ಲಿ ಎಲ್ಲೋ ಉರಿಯೂತವಿದೆ ಎಂದು ಅದು ಹೇಳಬಲ್ಲದು. ಎಲ್ಲಿ, ಏಕೆ ಎಂದು ಹೇಳಲಾರದು. ರಕ್ತಹೀನತೆ ಇದ್ದರೂ ಏರುತ್ತದೆ, ಬಸುರಿಯರಲ್ಲಿ ಏರುತ್ತದೆ, ವಯಸ್ಸಾದಂತೆ ಏರುತ್ತದೆ. ಸಿಆರ್‌ಪಿ ಎಂಬ ಇನ್ನೊಂದು ರಕ್ತ ಪರೀಕ್ಷೆಯದೂ ಹೆಚ್ಚುಕಡಿಮೆ ಇದೇ ಸ್ವಭಾವ. ರಕ್ತಕಣಗಳ ಎಣಿಕೆಗೆ ಇದಕ್ಕಿಂತ ಹೆಚ್ಚು ಬೆಲೆಯಿದೆ. ಬಿಳಿ ಕಣಗಳು ಲೆಕ್ಕ ಮೀರಿ ಏರಿ, ರಕ್ತದ ಲೇಪದಲ್ಲಿ ಬ್ಲಾಸ್ಟ್ ಎಂಬ ಎಳೆ ಕಣಗಳು ಕಂಡರೆ ರಕ್ತದ ಕ್ಯಾನ್ಸರಿನ ಅನುಮಾನ ಬರುತ್ತದೆ. ಅಂಥ ರಿಪೋರ್ಟು ಬಂದ ದಿನವೇ ವೈದ್ಯರ ಬಳಿ ಹೋಗಬೇಕು. ಎಣಿಕೆ ಪೂರ್ತಿ ಸರಿಯಿದ್ದರೆ ಗಂಟಿನ ಬಗ್ಗೆ ನಿಶ್ಚಿಂತರಾಗಬಹುದೇ ಎಂದರೆ, ಇಲ್ಲ. ಲಿಂಫೋಮಾ ಇರುವ ಎಷ್ಟೋ ಮಂದಿಯ ರಕ್ತದ ರಿಪೋರ್ಟು ಅಚ್ಚುಕಟ್ಟಾಗಿಯೇ ಇರುತ್ತದೆ.

ಮಾಂಟೂ ಪರೀಕ್ಷೆಯನ್ನು ನಮ್ಮಲ್ಲಿ ಅತಿ ಹೆಚ್ಚು ತಪ್ಪಾಗಿ ತಿಳಿಯಲಾಗಿದೆ. ಮುಂಗೈಯ ಚರ್ಮದ ಪದರದೊಳಗೇ ಟ್ಯೂಬರ್ಕ್ಯುಲಿನ್ ಚುಚ್ಚಿ, 48ರಿಂದ 72 ಗಂಟೆಯೊಳಗೆ ನೋಡುತ್ತಾರೆ. ಅಳೆಯುವುದು ಕೆಂಪನ್ನಲ್ಲ, ಬೆರಳಿಗೆ ಸಿಗುವ ಗಟ್ಟಿ ಉಬ್ಬನ್ನು. 10 ಮಿಲಿಮೀಟರ್ ದಾಟಿದರೆ ಪಾಸಿಟಿವ್ ಎನ್ನುತ್ತಾರೆ. ಆದರೆ ಅದು ಉತ್ತರಿಸುವ ಪ್ರಶ್ನೆ 'ಟಿಬಿ ರೋಗಾಣು ಎಂದಾದರೂ ಈ ಮೈ ಹೊಕ್ಕಿತ್ತೇ' ಎಂಬುದು ಮಾತ್ರ. 2019-21ರ ರಾಷ್ಟ್ರೀಯ ಸಮೀಕ್ಷೆ ಕಂಡುಕೊಂಡಂತೆ ನಮ್ಮ ದೇಶದಲ್ಲಿ 15 ದಾಟಿದವರ ಪೈಕಿ ಮೂವರಲ್ಲಿ ಸುಮಾರು ಒಬ್ಬರಿಗೆ ಈ ಸೋಂಕು ತಗಲಿದೆ. ಅವರಲ್ಲಿ ಬಹುತೇಕರಿಗೆ ಜೀವಮಾನದಲ್ಲಿ ಟಿಬಿ ಕಾಯಿಲೆ ಬರುವುದೇ ಇಲ್ಲ. ಬಾಲ್ಯದ ಬಿಸಿಜಿ ಲಸಿಕೆಯೂ ಉಬ್ಬನ್ನು ಹೆಚ್ಚಿಸಬಹುದು. ಅತ್ತ ಅಪೌಷ್ಟಿಕತೆ, ಎಚ್‌ಐವಿ ಇದ್ದವರಲ್ಲಿ ನಿಜವಾದ ಟಿಬಿ ಇದ್ದೂ ಚರ್ಮ ಉಬ್ಬದಿರಬಹುದು. ರಕ್ತದಲ್ಲಿ ಮಾಡುವ, ದುಬಾರಿಯಾದ ಇಗ್ರಾ ಪರೀಕ್ಷೆಗೆ ಬಿಸಿಜಿಯ ತೊಡಕಿಲ್ಲ. ಆದರೆ ಸೋಂಕಿಗೂ ಕಾಯಿಲೆಗೂ ನಡುವಿನ ವ್ಯತ್ಯಾಸವನ್ನು ಅದೂ ಹೇಳಲಾರದು. ಮಾಂಟೂ 16 ಬಂತೆಂದು ಅಷ್ಟರ ಮೇಲೇ ಟಿಬಿ ಮಾತ್ರೆ ಶುರು ಮಾಡುವುದು ತಪ್ಪು.

ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳಬೇಕು. ರಕ್ತದಲ್ಲಿ ಐಜಿಜಿ, ಐಜಿಎಂ ಎಂಬ ಪ್ರತಿಕಾಯಗಳನ್ನು ಅಳೆದು ಟಿಬಿ ಹೇಳುವ ಪರೀಕ್ಷೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಬೇಡವೆಂದಿತು, ಭಾರತ ಸರ್ಕಾರ 2012ರಲ್ಲಿ ನಿಷೇಧಿಸಿತು. ಯಾರಾದರೂ ಇಂದು ಅದನ್ನು ಬರೆದುಕೊಟ್ಟರೆ ಮಾಡಿಸಿಕೊಳ್ಳಬೇಡಿ.

ಸ್ಕ್ಯಾನಿಂಗಿಗೆ ಬರೋಣ. ಕತ್ತಿನ ಗಂಟಿಗೆ ಮೊದಲ ಚಿತ್ರ ಅಲ್ಟ್ರಾಸೌಂಡ್. ಅಗ್ಗ, ನೋವಿಲ್ಲ, ವಿಕಿರಣವಿಲ್ಲ. ಆ ರಿಪೋರ್ಟಿನ ಭಾಷೆ ಅರ್ಥವಾಗಲು ಒಂದು ಅವರೆಕಾಳು ಕೈಯಲ್ಲಿಟ್ಟುಕೊಳ್ಳಿ. ಉದ್ದುದ್ದ ಆಕಾರ, ಒಂದು ಅಂಚಿನಲ್ಲಿ ಬಿಳಿ ಗೆರೆ. ಕಾಳು ಕಾಯಿಗೆ ಅಂಟಿಕೊಂಡಿದ್ದ ಜಾಗ ಅದು. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಹೈಲಮ್ ಎನ್ನುತ್ತಾರೆ. ಆರೋಗ್ಯವಂತ ದುಗ್ಧಗ್ರಂಥಿಯೂ ಹೀಗೇ ಇರುತ್ತದೆ, ಅದರ ರಕ್ತನಾಳಗಳು ಹೋಗಿಬರುವ ಬಾಗಿಲಿಗೂ ಹೈಲಮ್ ಎಂದೇ ಹೆಸರು. ಅಲ್ಲಿ ಕೊಬ್ಬಿರುವುದರಿಂದ ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುತ್ತದೆ. 'ಫ್ಯಾಟಿ ಹೈಲಮ್ ಪ್ರಿಸರ್ವ್ಡ್' ಎಂದು ಬರೆದಿದ್ದರೆ ಅವರೆಕಾಳಿನ ಬಿಳಿ ಗೆರೆ ಉಳಿದಿದೆ ಎಂದರ್ಥ. ಅದು ಒಳ್ಳೆಯ ಸುದ್ದಿ. ಕಾಳು ಉರುಟಾಗಿ ಬಟಾಣಿಯಂತಾಗಿದ್ದರೆ, ಗೆರೆ ಅಳಿಸಿದ್ದರೆ, ರಕ್ತದ ಹರಿವು ಬಾಗಿಲ ಬದಲು ಅಂಚಿನ ಸುತ್ತ ಕಂಡರೆ ರೇಡಿಯಾಲಜಿಸ್ಟ್ ಎಚ್ಚರಗೊಳ್ಳುತ್ತಾರೆ.

ಅಳತೆಯಲ್ಲಿ ನೋಡಬೇಕಾದದ್ದು ಚಿಕ್ಕ ಅಡ್ಡಗಲವನ್ನು. 18 x 6 ಮಿಲಿಮೀಟರ್ ಎಂದಿದ್ದರೆ 18ಕ್ಕೆ ಹೆದರುವುದು ಬೇಡ, 6 ಮುಖ್ಯ. ಅಡ್ಡಗಲ 10 ಮಿಲಿಮೀಟರಿನೊಳಗಿದ್ದರೆ ಸಾಮಾನ್ಯವೆಂದು ಎಣಿಸುತ್ತಾರೆ. ದವಡೆ ಮೂಲೆಯ ಕೆಳಗಿನ, ಟಾನ್ಸಿಲಿಗೆ ಸೇರಿದ ಗ್ರಂಥಿಗೆ 15ರವರೆಗೂ ರಿಯಾಯಿತಿ ಇದೆ. 'ಸಬ್‌ಸೆಂಟಿಮೆಟ್ರಿಕ್' ಎಂದರೆ ಒಂದು ಸೆಂಟಿಮೀಟರಿಗಿಂತ ಚಿಕ್ಕದು, 'ಲೆವೆಲ್ ಟೂ' ಎಂಬುದು ಕತ್ತಿನ ನಕ್ಷೆಯಲ್ಲಿ ಜಾಗದ ಗುರುತು. ಲೆವೆಲ್ ಎಂಬ ಪದ ಕಂಡು ಕ್ಯಾನ್ಸರಿನ ಎರಡನೇ ಹಂತ ಎಂದು ತಿಳಿದು ಊಟ ಬಿಟ್ಟ ಒಬ್ಬ ತಾಯಿಯ ಜೊತೆ ನಾನು ಒಂದು ಗಂಟೆ ಮಾತಾಡಿದ್ದೇನೆ. ಲೆವೆಲ್ ಬೇರೆ, ಸ್ಟೇಜ್ ಬೇರೆ. 'ಲೈಕ್ಲಿ ರಿಯಾಕ್ಟಿವ್' ಎಂಬ ಕೊನೆಯ ಸಾಲಿನ ಅರ್ಥ ಗ್ರಂಥಿ ಯಾವುದೋ ಸೋಂಕಿಗೆ ಸ್ಪಂದಿಸಿದಂತೆ ಕಾಣುತ್ತದೆ, ಸದ್ಯಕ್ಕೆ ಅನುಮಾನಪಡುವಂಥದ್ದೇನೂ ಕಂಡಿಲ್ಲ ಎಂದು. 'ಸದ್ಯಕ್ಕೆ' ಎಂಬುದನ್ನು ಮರೆಯಬಾರದು. ಗಂಟು ಬೆಳೆಯುತ್ತಲೇ ಹೋದರೆ ಎರಡು ತಿಂಗಳ ಹಿಂದಿನ ರಿಯಾಕ್ಟಿವ್ ಇಂದಿಗೆ ಅನ್ವಯಿಸುವುದಿಲ್ಲ.

ಅಕ್ಕನನ್ನು ಹೆದರಿಸಿದ ಪದ ಈ ಸ್ಕ್ಯಾನಿನದೇ: 'ಮ್ಯಾಟೆಡ್, ನೆಕ್ರೋಟಿಕ್ ನೋಡ್ಸ್'. ಮ್ಯಾಟೆಡ್ ಎಂದರೆ ಗಂಟುಗಳು ಬಿಡಿಬಿಡಿಯಾಗಿರದೆ ಒಂದಕ್ಕೊಂದು ಅಂಟಿ ಮುದ್ದೆಯಾಗಿವೆ. ನೆಕ್ರೋಟಿಕ್ ಎಂದರೆ ನಡುವಿನ ಜೀವಕೋಶಗಳು ಸತ್ತಿವೆ. ಕ್ಯಾನ್ಸರ್ ಹರಡಿದ ಗಂಟಿನಲ್ಲೂ ಹೀಗಾಗುತ್ತದೆ, ಆದರೆ ನಮ್ಮ ನಾಡಿನ ಇಪ್ಪತ್ತೆರಡು ವರ್ಷದ ಹುಡುಗಿಯ ಕತ್ತಿನ ಪಕ್ಕದಲ್ಲಿ ಹೀಗೆ ಕಂಡರೆ ಮೊದಲು ನೆನಪಾಗುವುದು ಟಿಬಿ. ಸಾಲುಗಟ್ಟಿದ ಕತ್ತಿನ ಗಂಟುಗಳಿಗೆ ಆಯುರ್ವೇದದಲ್ಲಿ ಗಂಡಮಾಲೆ ಎಂಬ ಹೆಸರೇ ಇದೆ. ಶ್ವಾಸಕೋಶ ಬಿಟ್ಟು ಬೇರೆಡೆ ಬರುವ ಟಿಬಿಯಲ್ಲಿ ಅತಿ ಸಾಮಾನ್ಯವಾದದ್ದೂ ದುಗ್ಧಗ್ರಂಥಿಯದೇ. ಆದರೂ ಸ್ಕ್ಯಾನು ಆಕಾರ ನೋಡುತ್ತದೆ, ರೋಗಾಣು ನೋಡುವುದಿಲ್ಲ. ಅದಕ್ಕೆ ಗಂಟಿನೊಳಗಿಂದಲೇ ಏನಾದರೂ ತೆಗೆಯಬೇಕು.

ಸೂಜಿ ಪರೀಕ್ಷೆ, ಎಫ್‌ಎನ್‌ಎಸಿ. ಅಕ್ಕನ ಮಗಳಿಗೆ ಅದನ್ನು ಮಾಡಿಸಿದ ದಿನ ಜೊತೆಗೆ ನಾನೂ ಹೋಗಿದ್ದೆ. ಪೆಥಾಲಜಿಸ್ಟ್ ಒಬ್ಬ ಹೆಣ್ಣುಮಗಳು, "ಕಬ್ಬಿಣಾಂಶದ ಇಂಜೆಕ್ಷನ್ ಇದಕ್ಕಿಂತ ಹೆಚ್ಚು ನೋಯುತ್ತಮ್ಮ" ಎಂದು ಹೇಳುತ್ತಲೇ ಎಡಗೈಯ ಎರಡು ಬೆರಳಲ್ಲಿ ಗಂಟನ್ನು ಹಿಡಿದು, ರಕ್ತ ತೆಗೆಯುವ ಸೂಜಿಗಿಂತ ಸಪೂರವಾದ ಸೂಜಿಯನ್ನು ಒಳಗಿಳಿಸಿ, ನಾಲ್ಕೈದು ಸಲ ಹಿಂದೆ ಮುಂದೆ ಆಡಿಸಿ ತೆಗೆದರು. ಸಿರಿಂಜಿನಲ್ಲಿ ಎಳೆದದ್ದು ರಕ್ತವಲ್ಲ, ಗಿಣ್ಣನ್ನು ಕಿವುಚಿದಂತೆ ಬೆಳ್ಳಗಿನ, ಹಳದಿ ಮಿಶ್ರಿತ ಒಂದೆರಡು ಹನಿ. ಅದನ್ನು ಗಾಜಿನ ಸ್ಲೈಡಿನ ಮೇಲೆ ಬಿಟ್ಟು, ಇನ್ನೊಂದು ಸ್ಲೈಡಿನಿಂದ ತೆಳ್ಳಗೆ ಸವರಿದರು. ಎಲ್ಲ ಸೇರಿ ಐದು ನಿಮಿಷ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಹೆದರಿ ಈ ಪರೀಕ್ಷೆಯಿಂದ ತಪ್ಪಿಸಿಕೊಳ್ಳುವವರಿದ್ದಾರೆ. ಕತ್ತಿನ ಗ್ರಂಥಿಗೆ ಈ ಸಪೂರ ಸೂಜಿಯಿಂದ ಅಂಥ ಭಯ ಪಡಬೇಕಿಲ್ಲ. ತಡ ಮಾಡುವುದರಿಂದಲೇ ಹೆಚ್ಚು ಹಾನಿ.

ಎರಡು ದಿನ ಬಿಟ್ಟು ಬಂದ ರಿಪೋರ್ಟು: 'ನೆಕ್ರೋಟೈಸಿಂಗ್ ಗ್ರಾನ್ಯುಲೋಮಾಟಸ್ ಲಿಂಫಡಿನೈಟಿಸ್, ಸಜೆಸ್ಟಿವ್ ಆಫ್ ಟ್ಯೂಬರ್ಕ್ಯುಲೋಸಿಸ್. ಎಎಫ್‌ಬಿ ನೆಗೆಟಿವ್. ಅಡ್ವೈಸ್ಡ್ ಕ್ಲಿನಿಕಲ್ ಕೋರಿಲೇಶನ್.' ಭಾವ ಕೇಳಿದರು: "ಒಂದು ಸಾಲಲ್ಲಿ ಟಿಬಿ ಅಂತಾರೆ, ಮುಂದಿನ ಸಾಲಲ್ಲಿ ನೆಗೆಟಿವ್ ಅಂತಾರೆ. ಯಾವುದನ್ನು ನಂಬೋದು?" ನ್ಯಾಯವಾದ ಪ್ರಶ್ನೆ. ಗ್ರಾನ್ಯುಲೋಮಾ ಎಂದರೆ ಕೊಲ್ಲಲಾಗದ ಶತ್ರುವಿನ ಸುತ್ತ ರಕ್ಷಕ ಕಣಗಳು ಕೋಟೆ ಕಟ್ಟಿದ ರೀತಿ. ಅದು ಟಿಬಿಯಲ್ಲಿ ಕಾಣುತ್ತದೆ, ಸಾರ್ಕಾಯ್ಡ್ ಎಂಬ ಕಾಯಿಲೆಯಲ್ಲೂ ಕೆಲವು ಶಿಲೀಂಧ್ರ ಸೋಂಕುಗಳಲ್ಲೂ ಕಾಣುತ್ತದೆ. ಕೋಟೆ ಕಂಡಿದೆ, ಶತ್ರು ಕಣ್ಣಿಗೆ ಬಿದ್ದಿಲ್ಲ ಎಂಬುದು ರಿಪೋರ್ಟಿನ ಒಟ್ಟು ತಾತ್ಪರ್ಯ. ಎಎಫ್‌ಬಿ ಪರೀಕ್ಷೆಯಲ್ಲಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಟಿಬಿ ರೋಗಾಣು ಕಾಣಬೇಕಾದರೆ ಒಂದು ಮಿಲಿಲೀಟರ್ ಮಾದರಿಯಲ್ಲಿ ಸುಮಾರು ಹತ್ತು ಸಾವಿರವಾದರೂ ಇರಬೇಕು. ಗ್ರಂಥಿಯ ಟಿಬಿಯಲ್ಲಿ ಅಷ್ಟು ಇರುವುದು ಅಪರೂಪ. ಹಾಗಾಗಿ ಎಎಫ್‌ಬಿ ನೆಗೆಟಿವ್ ಎಂಬುದು ಟಿಬಿ ಇಲ್ಲ ಎಂಬ ತೀರ್ಪಲ್ಲ.

'ಸಜೆಸ್ಟಿವ್' ಎಂದರೆ ಆ ಕಡೆ ಬೆರಳು ತೋರಿಸುತ್ತಿದೆ. 'ಕ್ಲಿನಿಕಲ್ ಕೋರಿಲೇಶನ್' ಎಂಬುದನ್ನು ಲ್ಯಾಬಿನವರು ಜಾರಿಕೊಳ್ಳಲು ಬರೆಯುವ ಸಾಲೆಂದು ಜನ ತಿಳಿಯುತ್ತಾರೆ. ನಾನು ಹಾಗೆ ತಿಳಿಯುವುದಿಲ್ಲ. ಸ್ಲೈಡು ನೋಡಿದವರು ರೋಗಿಯ ಕತ್ತು, ಜ್ವರ, ತೂಕ, ಎಕ್ಸ್-ರೇ ಯಾವುದನ್ನೂ ಪೂರ್ತಿ ನೋಡಿರುವುದಿಲ್ಲ. ರೋಗಿಯನ್ನು ನೋಡಿದ ವೈದ್ಯರು ಅವನ್ನೆಲ್ಲ ಈ ರಿಪೋರ್ಟಿನ ಜೊತೆ ಜೋಡಿಸಿ ನೋಡಲಿ ಎಂದು ಅವರು ಪ್ರಾಮಾಣಿಕವಾಗಿ ಹೇಳುತ್ತಿದ್ದಾರೆ. 'ಇನ್‌ಅಡಿಕ್ವೇಟ್', 'ಬ್ಲಡ್ ಓನ್ಲಿ' ಎಂದು ಬಂದರೆ ಮಾದರಿ ಸಾಲಲಿಲ್ಲ ಎಂದರ್ಥ. ಅದನ್ನು ನಾರ್ಮಲ್ ಎಂದು ಓದಿ ಫೈಲು ಮುಚ್ಚಿಟ್ಟವರಿದ್ದಾರೆ. ಅದು ಪರೀಕ್ಷೆಯೇ ನಡೆಯದಂತೆ. ಮತ್ತೆ ಮಾಡಿಸಬೇಕು.

ರೋಗಾಣುವನ್ನೇ ಹಿಡಿಯುವ ಪರೀಕ್ಷೆ ಸಿಬಿನಾಟ್ ಅಥವಾ ಟ್ರೂನಾಟ್. ರೋಗಾಣುವಿನ ವಂಶವಾಹಿಯನ್ನು ಯಂತ್ರ ಹುಡುಕುತ್ತದೆ. ಸೂಕ್ಷ್ಮದರ್ಶಕಕ್ಕೆ ಸಾವಿರಗಟ್ಟಲೆ ಬೇಕಾದಲ್ಲಿ ಇದಕ್ಕೆ ನೂರಿನ ಲೆಕ್ಕದಲ್ಲಿದ್ದರೂ ಸಾಕು. ಸಿಬಿನಾಟ್ ಯಂತ್ರಕ್ಕೆ ಹಿಡಿಯುವುದು ಎರಡು ಗಂಟೆ. ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ರಿಪೋರ್ಟಿನಲ್ಲಿ ಎರಡು ಸಾಲುಗಳಿರುತ್ತವೆ, ಎರಡನ್ನೂ ಬೇರೆ ಬೇರೆಯಾಗಿ ಓದಬೇಕು. ಮೊದಲ ಸಾಲು ಟಿಬಿ ರೋಗಾಣು ಸಿಕ್ಕಿತೇ ಎಂಬುದಕ್ಕೆ, ಎರಡನೆಯದು ಅದು ರಿಫಾಂಪಿಸಿನ್ ಎಂಬ ಮುಖ್ಯ ಔಷಧಿಗೆ ಬಗ್ಗುವುದೇ ಎಂಬುದಕ್ಕೆ. ಎರಡನೇ ಸಾಲಿನ 'ನಾಟ್ ಡಿಟೆಕ್ಟೆಡ್' ಮಾತ್ರ ಓದಿ ಟಿಬಿ ಇಲ್ಲವೆಂದು ಖುಷಿಪಟ್ಟ ಮನೆಗಳಿವೆ. ಅದರ ಅರ್ಥ ಔಷಧಿಗೆ ಪ್ರತಿರೋಧ ಕಂಡಿಲ್ಲ, ಮಾಮೂಲಿ ಮಾತ್ರೆ ನಾಟುತ್ತದೆ ಎಂದು. 'ವೆರಿ ಲೋ' ಎಂದಿದ್ದರೆ ಮಾದರಿಯಲ್ಲಿ ಸಿಕ್ಕ ರೋಗಾಣುಗಳ ಪ್ರಮಾಣ ಕಡಿಮೆ ಎಂದು. ರೋಗ ಸ್ವಲ್ಪವೇ ಇದೆ, ಚಿಕಿತ್ಸೆ ಕಡಿಮೆ ಸಾಕು ಎಂದಲ್ಲ. ದುಗ್ಧಗ್ರಂಥಿಯ ಟಿಬಿ ಇರುವ 100 ಮಂದಿಯಲ್ಲಿ ಸುಮಾರು 80 ಮಂದಿಯನ್ನು ಈ ಪರೀಕ್ಷೆ ಹಿಡಿಯುತ್ತದೆ. ಉಳಿದವರಿಗೆ ನೆಗೆಟಿವ್ ಬರುತ್ತದೆ, ರೋಗ ಮಾತ್ರ ಇರುತ್ತದೆ. ಅದಕ್ಕೇ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರಿಗೂ ಮಾದರಿ ಕಳಿಸಬೇಕು. ಟಿಬಿ ರೋಗಾಣು ನಿಧಾನವಾಗಿ ಬೆಳೆಯುವುದರಿಂದ ಅದರ ಕೊನೆಯ ಉತ್ತರಕ್ಕೆ ಆರು ವಾರ ಕಾಯಬೇಕಾಗುತ್ತದೆ.

ನಮ್ಮ ಹುಡುಗಿಗೆ ಎಡವಟ್ಟಾದದ್ದು ಇಲ್ಲೇ. ಈ ಸೂಜಿ ಪರೀಕ್ಷೆಗೂ ಮೊದಲೇ ಬೇರೊಂದು ಕಡೆ ಗಂಟಿನ ಚೂರೊಂದನ್ನು ತೆಗೆದಿದ್ದರು. ಪೂರ್ತಿ ಚೂರು ಫಾರ್ಮಲಿನ್ ಬಾಟಲಿಗೆ ಹೋಗಿತ್ತು. ಫಾರ್ಮಲಿನ್ ಅಂಗಾಂಶವನ್ನು ಕೆಡದಂತೆ ಕಾಪಾಡುತ್ತದೆ, ಸೂಕ್ಷ್ಮದರ್ಶಕಕ್ಕೆ ಅದು ಬೇಕೇ ಬೇಕು. ಆದರೆ ರೋಗಾಣುಗಳನ್ನು ಕೊಂದುಹಾಕುತ್ತದೆ. ಅದರಲ್ಲಿ ಅದ್ದಿದ ಚೂರಿನಿಂದ ಕಲ್ಚರ್ ಆಗುವುದೇ ಇಲ್ಲ, ಸಿಬಿನಾಟ್‌ಗೂ ಅದು ತಕ್ಕ ಮಾದರಿಯಲ್ಲ. ಚೂರಿನ ಒಂದು ಭಾಗವನ್ನು ಮಾಮೂಲಿ ಸಲೈನಿನಲ್ಲಿ ಇಟ್ಟಿದ್ದರೆ ಆ ಮಗು ಮತ್ತೆ ಸೂಜಿಗೆ ಕತ್ತು ಒಡ್ಡಬೇಕಿರಲಿಲ್ಲ. ಎರಡು ರೂಪಾಯಿಯ ಖಾಲಿ ಡಬ್ಬಿ, ನಾಲ್ಕು ಹನಿ ಉಪ್ಪುನೀರು. ಅದರ ಕೊರತೆಗೆ ಮೂರು ವಾರ ಹೋಯಿತು. ಸಣ್ಣ ಊರುಗಳಲ್ಲಿ ಇದು ಇವತ್ತಿಗೂ ನಡೆಯುತ್ತಿದೆ ಎಂಬುದು ನನಗೆ ಬಹಳ ನೋವಿನ ಸಂಗತಿ.

ಸೂಜಿಗೂ ಒಂದು ಮಿತಿಯಿದೆ. ಅದು ಬಿಡಿ ಕಣಗಳನ್ನು ತರುತ್ತದೆ, ಗ್ರಂಥಿಯ ಒಳಗಟ್ಟನ್ನು ತರಲಾರದು. ಲಿಂಫೋಮಾ ಗುರುತಿಸಲು ಕಣಗಳು ಹೇಗೆ ಜೋಡಿಸಿಕೊಂಡಿವೆ ಎಂಬುದು ಕಾಣಲೇಬೇಕು. ಹೊಲದಿಂದ ಒಂದು ಹಿಡಿ ಪೈರು ಕಿತ್ತು ತಂದರೆ ಯಾವ ಬೆಳೆ ಎಂದು ಹೇಳಬಹುದು, ಸಾಲು ಹೇಗಿತ್ತೆಂದು ಹೇಳಲಾಗದು. ಲಿಂಫೋಮಾದ ಅನುಮಾನವಿದ್ದರೆ ಇಡೀ ಗ್ರಂಥಿಯನ್ನೇ ತೆಗೆದು ಬಯಾಪ್ಸಿ ಮಾಡುತ್ತಾರೆ, ಆಮೇಲೆ ಐಎಚ್‌ಸಿ ಎಂಬ ವಿಶೇಷ ಬಣ್ಣದ ಪರೀಕ್ಷೆಗಳಿಗೆ ಕಳಿಸುತ್ತಾರೆ. ಸಿಡಿ 20, ಸಿಡಿ 30 ಎಂದೆಲ್ಲ ಬರುವ ಸಾಲುಗಳು ಯಾವ ಜಾತಿಯ ಕಣ ಎಂಬುದರ ಗುರುತುಚೀಟಿಗಳು. ಪ್ರತಿ 'ಪಾಸಿಟಿವ್' ಕೂಡ ಕೆಟ್ಟ ಸುದ್ದಿಯಲ್ಲ, ಯಾವ ಔಷಧಿ ಎಂಬ ದಾರಿಯೂ ಅಲ್ಲೇ ತೆರೆಯುತ್ತದೆ. 1832ರಲ್ಲಿ ಲಂಡನ್ನಿನ ಥಾಮಸ್ ಹಾಡ್ಕಿನ್ ವಿವರಿಸಿದ, ಅವರ ಹೆಸರನ್ನೇ ಹೊತ್ತ ಲಿಂಫೋಮಾ ಇಂದು ಸರಿಯಾದ ಚಿಕಿತ್ಸೆ ಪೂರೈಸಿದ ಬಹುತೇಕರಲ್ಲಿ ಗುಣವಾಗುವ ಕ್ಯಾನ್ಸರು. ಆ ಪದ ಕೇಳಿದೊಡನೆ ಕೈಚೆಲ್ಲಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಗಂಟು ಏನೆಂದು ತಿಳಿಯುವ ಮೊದಲೇ ಸ್ಟೆರಾಯ್ಡ್ ಮಾತ್ರೆ ಕೊಟ್ಟರೆ ಲಿಂಫೋಮಾ ಕೆಲಕಾಲ ಕರಗುತ್ತದೆ, ಬಯಾಪ್ಸಿಯಲ್ಲೂ ತಲೆಮರೆಸಿಕೊಳ್ಳುತ್ತದೆ. ತಿಂಗಳು ಕಳೆದ ಮೇಲೆ ಮತ್ತೆ ಬರುತ್ತದೆ. ಗುರುತು ಸಿಗದ ಕಡೆ ಟಿಬಿ ಮಾತ್ರೆಯನ್ನು 'ಕೊಟ್ಟು ನೋಡೋಣ' ಎಂದರೂ ಅಮೂಲ್ಯವಾದ ತಿಂಗಳುಗಳು ಹೋಗುತ್ತವೆ. ಇನ್ನೊಂದು ತುದಿಯಲ್ಲಿ, 1972ರಲ್ಲಿ ಜಪಾನಿನಲ್ಲಿ ಮೊದಲು ಗುರುತಿಸಿದ ಕಿಕುಚಿ ಎಂಬ ಕಾಯಿಲೆಯಿದೆ. ಯುವತಿಯರಲ್ಲಿ ಹೆಚ್ಚು. ಜ್ವರ, ಕತ್ತಿನ ಗಂಟು, ಒಳಗೆ ಸತ್ತ ಕಣಗಳು. ನೋಡಲು ಟಿಬಿಯಂತೆಯೂ ಲಿಂಫೋಮಾದಂತೆಯೂ ಇದ್ದು, ಕೆಲವು ತಿಂಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಅದನ್ನು ಹೇಳಬಲ್ಲದ್ದು ಬಯಾಪ್ಸಿಯೇ.

ನಲವತ್ತು ದಾಟಿದವರು, ಅದರಲ್ಲೂ ಬೀಡಿ, ಗುಟ್ಕಾ, ತಂಬಾಕು ಹಾಕಿದ ಎಲೆಅಡಿಕೆ ರೂಢಿಯವರು ಇದನ್ನು ಬೇರೆ ಕ್ರಮದಲ್ಲೇ ನೋಡಬೇಕು. ಅವರ ಕತ್ತಿನ ಗಟ್ಟಿ ಗಂಟು ಬಾಯಿ, ನಾಲಿಗೆಯ ಬುಡ, ಗಂಟಲಿನ ಕ್ಯಾನ್ಸರಿನಿಂದ ಬಂದಿರಬಹುದು. ಮೊದಲು ಕಿವಿ ಮೂಗು ಗಂಟಲಿನ ತಜ್ಞರು ದುರ್ಬೀನು ಹಾಕಿ ಒಳಗೆಲ್ಲ ನೋಡಬೇಕು, ಆಮೇಲೆ ಸೂಜಿ ಪರೀಕ್ಷೆ. ಅದಾಗದೆ ನೇರ ಗಂಟು ಕೊಯ್ಯಿಸಿಕೊಳ್ಳುವುದು ಮುಂದಿನ ಆಪರೇಶನ್ನಿಗೆ ತೊಡಕಾಗುತ್ತದೆ. ಪೆಟ್ ಸ್ಕ್ಯಾನಿನ ಬಗ್ಗೆ ಒಂದೇ ಮಾತು: ಅದರಲ್ಲಿ ಕ್ಯಾನ್ಸರೂ ಹೊಳೆಯುತ್ತದೆ, ಟಿಬಿಯೂ ಹೊಳೆಯುತ್ತದೆ. ಬಯಾಪ್ಸಿಯ ಬದಲಿಗೆ ಅದು ಬರಲಾರದು.

ನಮ್ಮ ಹುಡುಗಿಯ ಸಿಬಿನಾಟ್‌ನಲ್ಲಿ ಟಿಬಿ ಸಿಕ್ಕಿತು, ಪ್ರತಿರೋಧ ಇರಲಿಲ್ಲ. ಎದೆಯ ಎಕ್ಸ್-ರೇ ಸ್ವಚ್ಛವಾಗಿತ್ತು. ಶ್ವಾಸಕೋಶದಲ್ಲಿ ಇಲ್ಲದ, ಬರಿ ಗ್ರಂಥಿಯ ಟಿಬಿ ಇನ್ನೊಬ್ಬರಿಗೆ ಹರಡುವುದಿಲ್ಲ. ತಟ್ಟೆ ಲೋಟ ಬೇರೆ ಇಡಬೇಕಿಲ್ಲ, ಪಕ್ಕದಲ್ಲಿ ಮಲಗಬಾರದೆಂದಿಲ್ಲ. ಇದನ್ನು ಅಕ್ಕನ ಮನೆಯವರಿಗೆ ನಾಲ್ಕು ಸಲ ಹೇಳಬೇಕಾಯಿತು. ಮದುವೆಯ ಮಾತು ಬಂದಾಗ ಯಾರಿಗಾದರೂ ತಿಳಿದರೆ ಎಂಬ ಭಯ ರೋಗದ ಭಯಕ್ಕಿಂತ ದೊಡ್ಡದಾಗಿತ್ತು. ಮಾತ್ರೆ ಆರು ತಿಂಗಳು, ತೂಕಕ್ಕೆ ತಕ್ಕಂತೆ, ಸರ್ಕಾರದಿಂದ ಉಚಿತವಾಗಿ. 2024ರ ನವೆಂಬರಿನಿಂದ ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ₹1000 ರೋಗಿಯ ಖಾತೆಗೆ ಬರುತ್ತದೆ. ಮೊದಲು ₹500 ಇತ್ತು. ಇದನ್ನೆಲ್ಲ ಕೊಡುವ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮದ ಮೊದಲ ನೀಲನಕ್ಷೆ ತಯಾರಾದದ್ದು ನಮ್ಮ ಬೆಂಗಳೂರಿನಲ್ಲೇ, 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ.

ಎರಡನೇ ತಿಂಗಳು ಗಂಟು ಇದ್ದಕ್ಕಿದ್ದಂತೆ ದೊಡ್ಡದಾಯಿತು. ಮಾತ್ರೆ ನಾಟುತ್ತಿಲ್ಲ ಎಂದು ಎಲ್ಲರೂ ಗಾಬರಿಯಾದರು. ಅದೂ ಗೊತ್ತಿರುವ ಸಂಗತಿಯೇ. ರೋಗಾಣುಗಳು ಸಾಯುವಾಗ ಮೈಯ ರಕ್ಷಣಾ ವ್ಯವಸ್ಥೆ ಕೆರಳಿ, ಕೆಲವರಲ್ಲಿ ಗಂಟು ಊದುತ್ತದೆ, ಹೊಸದೂ ಕಾಣಿಸಬಹುದು. ವೈದ್ಯರು ಪ್ರತಿರೋಧ ಇಲ್ಲವೆಂದು ಮತ್ತೊಮ್ಮೆ ಖಚಿತಪಡಿಸಿಕೊಂಡು ಅದೇ ಮಾತ್ರೆ ಮುಂದುವರಿಸಿದರು. ಈ ಹೊತ್ತಿನಲ್ಲಿ ಮತ್ತೆ ಸಿಬಿನಾಟ್ ಮಾಡಿಸಿ 'ಪಾಸಿಟಿವ್' ನೋಡಿ ಎದೆ ಒಡೆದುಕೊಳ್ಳುವವರಿದ್ದಾರೆ. ಸತ್ತ ರೋಗಾಣುವಿನ ವಂಶವಾಹಿಯನ್ನೂ ಆ ಯಂತ್ರ ಹಿಡಿಯುತ್ತದೆ. ಚಿಕಿತ್ಸೆ ಫಲಿಸುತ್ತಿದೆಯೇ ಎಂಬ ಪ್ರಶ್ನೆಗೆ ಅದು ಉತ್ತರ ಕೊಡಲಾರದು. ತೂಕ ಏರಿದೆಯೇ, ಜ್ವರ ಬಿಟ್ಟಿದೆಯೇ, ಹಸಿವಾಗುತ್ತಿದೆಯೇ ಎಂದು ನೋಡಬೇಕು. ಆರು ತಿಂಗಳಲ್ಲಿ ಅವಳ ತೂಕ ನಾಲ್ಕೂವರೆ ಕೆ.ಜಿ. ಏರಿತು. ಈಗ ಅವಳ ಕತ್ತಿನಲ್ಲಿ ಎರಡು ಸಣ್ಣ ಗಂಟುಗಳು ಉಳಿದಿವೆ, ದೊಡ್ಡದರ ಅಡ್ಡಗಲ 6 ಮಿಲಿಮೀಟರ್. ಅವು ಹಾಗೇ ಉಳಿಯಬಹುದು ಎಂದಿದ್ದಾರೆ ವೈದ್ಯರು.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ರಿಪೋರ್ಟುಗಳನ್ನು ತಾರೀಖಿನ ಕ್ರಮದಲ್ಲಿ ಒಂದೇ ಫೈಲಿನಲ್ಲಿಡಿ, ಫೋನಿನ ಫೋಟೊ ನಂಬಿ ಮೂಲ ಹಾಳೆ ಕಳೆಯಬೇಡಿ. ಬಯಾಪ್ಸಿ ಆಗಿದ್ದರೆ ಸ್ಲೈಡು ಮತ್ತು ಮೇಣದ ಬ್ಲಾಕುಗಳನ್ನು ಲ್ಯಾಬಿನವರು ಇಟ್ಟಿರುತ್ತಾರೆ. ಬೇರೊಬ್ಬರ ಅಭಿಪ್ರಾಯ ಬೇಕಾದರೆ ಮತ್ತೆ ಕೊಯ್ಯಿಸಿಕೊಳ್ಳದೆ ಅವನ್ನೇ ಕೇಳಿ ಪಡೆಯಿರಿ. ಕತ್ತಿನ ಗಂಟಿನಿಂದ ಸೂಜಿಯಲ್ಲಾಗಲಿ ಕತ್ತರಿಯಲ್ಲಾಗಲಿ ಏನನ್ನೇ ತೆಗೆಯುವ ದಿನ, ಟೇಬಲ್ಲಿನ ಮೇಲೆ ಮಲಗುವ ಮೊದಲು, ವೈದ್ಯರನ್ನು ವಿನಯದಿಂದಲೇ ಕೇಳಿ: "ಡಾಕ್ಟ್ರೇ, ಒಂದು ಭಾಗ ಫಾರ್ಮಲಿನ್ ಇಲ್ಲದೆ, ಸಲೈನಿನಲ್ಲಿ ಸಿಬಿನಾಟ್‌ಗೂ ಕಲ್ಚರಿಗೂ ಕಳಿಸ್ತೀರಲ್ಲ?"